ನಲ್ಲಾರ್ಬರ್ ದಾಟುವ ಲೆಕ್ಕಾಚಾರ

ದಕ್ಷಿಣ ಆಸ್ಟ್ರೇಲಿಯಾದ ಸೆಡೂನಾದಿಂದ ಪಶ್ಚಿಮ ಆಸ್ಟ್ರೇಲಿಯಾದ ನಾರ್ಸ್‌ಮನ್‌ಗೆ ಏರ್ ಹೆದ್ದಾರಿಯಲ್ಲಿ ಸುಮಾರು 1,200 ಕಿಲೋಮೀಟರ್. ನಡುವೆ ಪೇಟೆ ಅನ್ನಿಸುವಂಥ ಊರು ಒಂದೂ ಇಲ್ಲ. ಪೆಟ್ರೋಲ್ ಬಂಕು, ಊಟದ ಜಾಗ, ಒಂದಿಷ್ಟು ಬಾಡಿಗೆ ಕೋಣೆಗಳು ಒಟ್ಟಿಗಿರುವ ರೋಡ್‌ಹೌಸ್‌ಗಳೇ ಅಲ್ಲಿ ಊರು. ನಲ್ಲಾರ್ಬರ್ ಎಂಬ ಈ ಬಯಲಿನ ದಾರಿಯಲ್ಲಿ ಕಿಲೋಮೀಟರ್ ಎಣಿಸಿ ಯೋಜನೆ ಹಾಕಿದರೆ ಸಾಲದು, ಬೆಳಕನ್ನು ಎಣಿಸಬೇಕು.

ತಿಮಿಂಗಿಲಗಳಿಗಾಗಿ ನಾವು ಜುಲೈ ಆರಿಸಿಕೊಂಡೆವು. ಅಲ್ಲಿ ಅದು ಚಳಿಗಾಲ, ಹಗಲು ಚಿಕ್ಕದು. ಸಂಜೆಯಾದರೆ ಕಾಂಗರೂ, ವಾಂಬ್ಯಾಟ್‌ಗಳು ರಸ್ತೆಗೆ ಬರುತ್ತವೆ. ಕತ್ತಲಲ್ಲಿ ಊರಾಚೆ ಓಡಿಸಕೂಡದು ಎಂದು ಎಷ್ಟೋ ಬಾಡಿಗೆ ಕಾರುಗಳ ಕರಾರಿನಲ್ಲೇ ಇರುತ್ತದೆ. ಅದರ ಮೇಲೆ ಗಡಿಯಾರದ ಆಟ ಬೇರೆ. ಎರಡು ರಾಜ್ಯಗಳ ಗಡಿ ದಾಟಿದರೆ 45 ನಿಮಿಷ ಹಿಂದಕ್ಕೆ, ಮುಂದೆ ಕೈಗೂನಾ ರೋಡ್‌ಹೌಸ್‌ನ ಹತ್ತಿರ ಇನ್ನೂ 45 ನಿಮಿಷ ಹಿಂದಕ್ಕೆ. ಸೆಡೂನಾದಲ್ಲಿ ಐದೂಮುಕ್ಕಾಲರ ಸುಮಾರಿಗೆ ಮುಳುಗುವ ಸೂರ್ಯ, ಕೈಗೂನಾದ ನಂತರದ ರೋಡ್‌ಹೌಸ್ ಬಾಲಡೋನಿಯಾದಲ್ಲಿ ಐದಕ್ಕೆಲ್ಲ ಮುಳುಗುತ್ತಾನೆ. ಪಶ್ಚಿಮಕ್ಕೆ ಹೋಗುವವರಿಗೆ ಇಳಿಹೊತ್ತಿನ ಬಿಸಿಲು ನೇರ ಕಣ್ಣಿಗೆ. ಹಾಗಾಗಿ ಬೆಳಕು ಹರಿದ ಮೇಲೆ ಹೊರಟು, ಮೂರೂವರೆಗೆಲ್ಲ ಕಾರು ನಿಲ್ಲಿಸುವುದು ಎಂದು ಮೊದಲೇ ಗೊತ್ತುಮಾಡಿಕೊಂಡು, ಕೋಣೆಗಳನ್ನು ಅದಕ್ಕೆ ತಕ್ಕಂತೆ ಕಾದಿರಿಸಿದೆವು.

ಪೆಟ್ರೋಲಿನದು ಅಷ್ಟು ಕಷ್ಟದ ಲೆಕ್ಕವಲ್ಲ. ನಲ್ಲಾರ್ಬರ್ ರೋಡ್‌ಹೌಸ್‌ನಿಂದ ಗಡಿಗೆ, ಕೈಗೂನಾದಿಂದ ಬಾಲಡೋನಿಯಾಗೆ, ಅಲ್ಲಿಂದ ನಾರ್ಸ್‌ಮನ್‌ಗೆ, ಒಂದೊಂದೂ 180–190 ಕಿಲೋಮೀಟರ್. ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಗೊಡದಿದ್ದರೆ ಸಾಕು. ನೀರಿನ ಕ್ಯಾನು ಮಾತ್ರ ಮರೆಯಬಾರದು. ದೂರದವರೆಗೆ ಮೊಬೈಲ್ ಸಿಗ್ನಲ್ ಇಲ್ಲ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು.

ಹೆಚ್ಚು ಚರ್ಚೆ ನಡೆದದ್ದು ಅಡುಗೆಯ ಬಗ್ಗೆ. ಪಶ್ಚಿಮ ಆಸ್ಟ್ರೇಲಿಯಾದೊಳಗೆ ಹಸಿ ಹಣ್ಣು, ತರಕಾರಿ, ಜೇನುತುಪ್ಪ ಒಯ್ಯುವಂತಿಲ್ಲ. ಗಡಿಯಲ್ಲಿ ಪ್ರತಿ ಕಾರನ್ನೂ ತಪಾಸಣೆ ಮಾಡುತ್ತಾರೆ. ಅಲ್ಲಿನ ತೋಟಗಳಿಗೆ ಹೊರಗಿನ ಕೀಟ, ರೋಗ ತಗಲಬಾರದೆಂಬ ಎಚ್ಚರ ಅದು. ‘ರೀ, ಕರಿಬೇವು, ಕೊತ್ತಂಬರಿ ಸೊಪ್ಪು ಎಲ್ಲ ಗಡಿಯ ಈಚೆಗೇ ಮುಗಿಸಿಬಿಡೋಣ’ ಅಂದಳು ಹೆಂಡತಿ. ನಲ್ಲಾರ್ಬರ್ ರೋಡ್‌ಹೌಸ್‌ನ ಹೊರಗೆ, ಗಾಳಿಗೆ ಬೆನ್ನು ಕೊಟ್ಟು ಕೂತು, ಉಳಿದ ಸೌತೆಕಾಯಿಯನ್ನೆಲ್ಲ ಹೆಚ್ಚಿ ಕೋಸಂಬರಿ ಮಾಡಿದಳು. ನೆನೆದ ಹೆಸರುಬೇಳೆ ಡಬ್ಬಿಯಲ್ಲಿತ್ತು, ನಿಂಬೆಹಣ್ಣನ್ನು ಕೊನೆಯ ಹನಿಯವರೆಗೂ ಹಿಂಡಿದೆವು. ಆ ಬಯಲಲ್ಲಿ ತಿಂದ ಕೋಸಂಬರಿಯ ರುಚಿ ಇಂದಿಗೂ ನಾಲಿಗೆಯಲ್ಲಿದೆ.

ಅದಕ್ಕೂ ಮೊದಲು, ಬೆಳಗ್ಗೆ, ಕಡಲಂಚಿನಿಂದ ತಿಮಿಂಗಿಲ ನೋಡುವ ತಾಣವಾದ ಹೆಡ್ ಆಫ್ ಬೈಟ್‌ನಲ್ಲಿ ನಿಂತಿದ್ದೆವು. ಸುಣ್ಣಕಲ್ಲಿನ ಬಂಡೆಗೋಡೆಯ ಅಂಚಿಗೆ ಮರದ ಹಾದಿ ಕಟ್ಟಿದ್ದಾರೆ. ಕೆಳಗೆ ತಾಯಿ ತಿಮಿಂಗಿಲವೊಂದು ಮಗ್ಗುಲಾಗಿ ತೇಲುತ್ತಿತ್ತು, ಮರಿ ಅದರ ಬೆನ್ನ ಮೇಲೇರಿ ಜಾರುತ್ತಿತ್ತು. ತಲೆಯ ಮೇಲಿನ ಬಿಳಿ ಗಂಟುಗಳು ಕೂಡ ಬರಿಗಣ್ಣಿಗೆ ಕಾಣುವಷ್ಟು ಹತ್ತಿರ. ಒಂದು ಕಾಲಕ್ಕೆ ಎಣ್ಣೆಗಾಗಿ ಕೊಂದು ಕೊಂದು ಅಳಿವಿನಂಚಿಗೆ ತಂದ ಜೀವಗಳಿವು. ಮರಿ ಹಾಕಲು ಚಳಿಗಾಲದಲ್ಲಿ ಇದೇ ಕಡಲಿಗೆ ಬರುತ್ತವೆ ಅನ್ನುವುದೇ ದೊಡ್ಡ ಸಮಾಧಾನ. ಇಲ್ಲಿಗೆ ಅರ್ಧ ಗಂಟೆ ಇಟ್ಟುಕೊಂಡು ಬರಬೇಡಿ, ಅರ್ಧ ದಿನವನ್ನೇ ಇಡಿ.

ಕೈಗೂನಾ ದಾಟಿದರೆ 146.6 ಕಿಲೋಮೀಟರ್ ಒಂದೂ ತಿರುವಿಲ್ಲದ ರಸ್ತೆ. ಅದನ್ನು ಬೆಳಗಿನ ಪಾಳಿಗೆ ಇಟ್ಟುಕೊಂಡದ್ದು ಒಳ್ಳೆಯದಾಯಿತು; ಕಣ್ಣು ತೂಗುವ ಹೊತ್ತಿಗೆ ಚಾಲಕರು ಬದಲಾದೆವು. ಅಲ್ಲಲ್ಲಿ ಡಾಂಬರಿನ ಮೇಲೇ ರನ್‌ವೇ ಗುರುತು ಬಳಿದಿದ್ದಾರೆ, ದೂರದ ರೋಗಿಗಳಿಗಾಗಿ ಹಾರಿಬರುವ ವೈದ್ಯರ ‘ಫ್ಲೈಯಿಂಗ್ ಡಾಕ್ಟರ್’ ವಿಮಾನ ತುರ್ತಿಗೆ ಇಳಿಯಲೆಂದು.

ನಾರ್ಸ್‌ಮನ್‌ನಲ್ಲಿ ಬಲಕ್ಕೆ ಹೋದರೆ ಚಿನ್ನದ ಗಣಿಗಳ ಊರು ಕಾಲ್ಗೂರ್ಲಿ, ಎಡಕ್ಕೆ ಕಡಲತೀರದ ಎಸ್ಪೆರೆನ್ಸ್. ಏನಾದರೂ ಎಡವಟ್ಟಾದರೆ ಇರಲಿ ಎಂದು ಕಾದಿಟ್ಟ ಒಂದು ದಿನ ಖರ್ಚಾಗದೆ ಉಳಿದಿತ್ತು. ಎಡಕ್ಕೆ ತಿರುಗಿಸಿದೆವು.