ಮ್ಯೂಲ್‌ಶೂ ಊರಿನ ನೀರಿನ ಟ್ಯಾಂಕು

ಇವತ್ತು ಆಫೀಸಲ್ಲಿ ಒಂದು ಫಾರಂ ತುಂಬ್ತಿದ್ದೆ. ನಮ್ಮ ಕಂಪನಿ ಚೀನಾ, ಇರಾನ್, ಉತ್ತರ ಕೊರಿಯಾ, ರಷ್ಯಾದವರ ಕೈಲಿಲ್ಲ ಅಂತ ಬರೆದು ಸಹಿ ಹಾಕಬೇಕು.

ಅಮೆರಿಕದ ಟೆಕ್ಸಾಸ್ ರಾಜ್ಯದ 2021ರ ಕಾನೂನು ಅದು. ಕರೆಂಟು, ನೀರಿನಂಥ ವ್ಯವಸ್ಥೆಯೊಳಗೆ ಆ ದೇಶಗಳ ಕಂಪನಿಗಳು ಕಾಲಿಡಬಾರದು ಅಂತ. ಅಲ್ಲಿನ ಲಾಫ್ಲಿನ್ ವಾಯುನೆಲೆ ಹತ್ತಿರ ಚೀನಾದ ಉದ್ಯಮಿಯೊಬ್ಬರು ಲಕ್ಷಕ್ಕೂ ಹೆಚ್ಚು ಎಕರೆ ಕೊಂಡು ಗಾಳಿಯಂತ್ರ ನಿಲ್ಲಿಸೋಕೆ ಹೊರಟಿದ್ದರು. ಆಗ ಹುಟ್ಟಿದ ಆತಂಕ. ಸಕಾರಣವಾದದ್ದೇ ಅನ್ನಿಸುತ್ತೆ ನನಗೆ.

ಆದರೆ ಸಹಿ ಹಾಕುವಾಗ ಮ್ಯೂಲ್‌ಶೂ ನೆನಪಾಯ್ತು. ಟೆಕ್ಸಾಸ್‌ನಲ್ಲೇ ಇರೋ, ಸುಮಾರು 5 ಸಾವಿರ ಜನರ ಊರು. 2024ರ ಜನವರಿಯಲ್ಲಿ ರಷ್ಯಾ ಪರ ಹ್ಯಾಕರ್‌ಗಳು ಅಲ್ಲಿನ ನೀರಿನ ವ್ಯವಸ್ಥೆಗೆ ನುಗ್ಗಿದರು. ಟ್ಯಾಂಕು ತುಂಬಿ ಅರ್ಧ ಗಂಟೆ, ಮುಕ್ಕಾಲು ಗಂಟೆ ನೀರು ಹರೀತಾನೇ ಇತ್ತು. ಕೊನೆಗೆ ಸಿಬ್ಬಂದಿ ಕೈಯಾರೆ ನಡೆಸಬೇಕಾಯ್ತು.

ಆ ಹ್ಯಾಕರ್‌ಗಳು ಜಮೀನು ಕೊಂಡಿರಲಿಲ್ಲ, ಯಾವ ಫಾರಂಗೂ ಸಹಿ ಹಾಕಿರಲಿಲ್ಲ. ದೂರದಿಂದ ಲಾಗಿನ್ ಆಗೋ ಒಂದು ಸಾಫ್ಟ್‌ವೇರ್ ಸಾಕಾಯ್ತು.

ರಾಜಧಾನಿ ಆಸ್ಟಿನ್‌ನಲ್ಲಿ ಕೂತು ಅಪಾಯ ಅಳೆಯೋರು ಇಂಥ ಸಣ್ಣ ಊರುಗಳ ಪಂಪ್‌ಹೌಸಿಗೂ ಹೋಗಲಿ. ಪಾಸ್‌ವರ್ಡ್ ಯಾರ ಹತ್ತಿರ ಇದೆ, ಕೊನೇ ಸಲ ಯಾವಾಗ ಬದಲಾಯಿಸಿದ್ದು ಅಂತ ಕೇಳಲಿ. ಅದಕ್ಕೆ ಬೇಕಾದ ದುಡ್ಡು, ಜನ ಎರಡನ್ನೂ ರಾಜ್ಯವೇ ಕೊಡಲಿ.

ನೀರು ಸರಬರಾಜಿನಲ್ಲಿ ಕೆಲಸ ಮಾಡೋ ಗೆಳೆಯರು ಇದ್ದರೆ ಹೇಳಿ, ನಿಮ್ಮ ಕಡೆ ಹೇಗಿದೆ?