ಏಳು ಚಿಕ್ಕದು, ಒಂದು ಉದ್ದ

ಇವತ್ತು ಗಾಂಧಿ ಬಜಾರಲ್ಲಿ ಕಾಫಿ ಕುಡೀತಾ, ಸಿಂಗಾಪುರದ ಕ್ರೂಸ್ ಮುಗಿಸಿ ಬಂದ ಅತ್ತೆ ಹೇಳಿದ್ರು: "ಸೇಫ್ಟಿ ಡ್ರಿಲ್ಲಾ? ಫೋನಲ್ಲೇ ವಿಡಿಯೋ ನೋಡಿದ್ವಿ. ಆಮೇಲೆ ಅಪಾಯ ಬಂದಾಗ ಸೇರೋಕೆ ಅಂತ ನಮಗೆ ಕೊಟ್ಟಿದ್ದ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿದ್ವಿ, ಅಷ್ಟೇ."

ಮೊದಲು ಈ ಡ್ರಿಲ್ಲಿಗೆ ಎಲ್ಲರೂ ಒಂದೇ ಹೊತ್ತಿಗೆ ಸೇರಬೇಕಿತ್ತು. 2020ರ ಕೋವಿಡ್ ಕಾಲದಲ್ಲಿ ಅದು ಫೋನಿಗೆ ಬಂತು.

ನನಗೆ ತಕ್ಷಣ ನೆನಪಾಗಿದ್ದು ಕೋಸ್ಟಾ ಕಾಂಕೋರ್ಡಿಯಾ ಅನ್ನೋ ಕ್ರೂಸ್ ಹಡಗು. 2012ರ ಜನವರಿ 13, ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಬಂಡೆಗೆ ಬಡೀತು. 32 ಜನ ಸತ್ತರು. ಅವತ್ತೇ ಹತ್ತಿದ ನೂರಾರು ಜನರಿಗೆ ಡ್ರಿಲ್ಲೇ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಅಂತಿತ್ತು ನಿಯಮ. ಹಡಗು ಬಂದರು ಬಿಟ್ಟು ಮೂರು ಗಂಟೆಯೂ ಆಗಿರಲಿಲ್ಲ! 2015ರಿಂದ ನಿಯಮ ಬದಲಾಯ್ತು. ಈಗ ಹೊರಡೋ ಮುಂಚೆ, ಇಲ್ಲಾ ಹೊರಟ ಕೂಡಲೇ ಮಾಡಲೇಬೇಕು.

ಫೋನಲ್ಲಿ ಬಂದಿದ್ದು ಒಳ್ಳೇದೇ. ವಯಸ್ಸಾದವರು ಬಿಸಿಲಲ್ಲಿ ನಿಲ್ಲೋದು ತಪ್ಪಿತು, ಅರ್ಥ ಆಗದಿದ್ದರೆ ಇನ್ನೊಂದ್ಸಲ ನೋಡಬಹುದು. ಆದರೆ ಲೈಫ್ ಜಾಕೆಟ್ ಕೈಯಲ್ಲಿ ಹಿಡಿದೇ ನೋಡಬೇಕು ಕಣ್ರೀ. ಬೆಲ್ಟ್ ಎಲ್ಲಿ ಸಿಕ್ಕಿಸೋದು, ಸೀಟಿ ಯಾವ ಕಡೆ ನೇತಾಡುತ್ತೆ, ನೀರು ತಾಗಿದರೆ ಹತ್ತಿಕೊಳ್ಳೋ ಆ ಪುಟ್ಟ ದೀಪ ಎಲ್ಲಿದೆ. ಕತ್ತಲಲ್ಲಿ, ನೂಕುನುಗ್ಗಲಲ್ಲಿ ಬೆರಳಿಗೆ ಗೊತ್ತಿರಬೇಕು, ಕಣ್ಣಿಗಲ್ಲ.

ಈ ರಜೆಗೆ ಯಾರಾದ್ರೂ ಹೊರಟಿದ್ರೆ, ರೂಮಿಂದ ನಿಮ್ಮ ಜಾಗಕ್ಕೆ ಒಂದ್ಸಲ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ನಡೀರಿ. ಮಕ್ಕಳನ್ನೂ ಕರ್ಕೊಂಡು ಹೋಗಿ. ಏಳು ಚಿಕ್ಕ ಸದ್ದು, ಒಂದು ಉದ್ದ ಸದ್ದು, ಅದೇ ಹಡಗಿನ ಅಪಾಯದ ಸೂಚನೆ. ಅದು ಕೇಳಿದ್ರೆ ಎಲ್ಲಿಗೆ ಓಡಬೇಕು ಅಂತ ಅವರಿಗೂ ತೋರಿಸಿ.