ಹಳೇ ಮೋಯ್ಸ್ ಪಾದವೇ ಗತಿ

2025ರ ಫೆಬ್ರವರಿ 13ರ ಬೆಳಗಿನ ಜಾವ, ಮೂರು ಗಂಟೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು. ನಾನು ಅಡುಗೆಮನೆಯಲ್ಲಿ ಲೈಟ್ ಹಾಕದೆ, ಫೋನನ್ನು ಮಿಕ್ಸಿಗೆ ಒರಗಿಸಿಟ್ಟು, ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತಿದ್ದೆ. ಇನ್ನೊಂದು ಕಿವಿ ಮಗಳಿಗೆ ಮೀಸಲು, ಎದ್ದು ಅತ್ತರೆ ಕೇಳಿಸಬೇಕಲ್ಲ. ಇಂಗ್ಲೆಂಡಿನ ನನ್ನ ಫುಟ್‌ಬಾಲ್ ಕ್ಲಬ್ ಎವರ್ಟನ್‌ನ ಹಳೇ ಮೈದಾನ ಗುಡಿಸನ್ ಪಾರ್ಕ್‌ನಲ್ಲಿ, ಅದೇ ಊರಿನ ಲಿವರ್‌ಪೂಲ್ ಜೊತೆ ಪುರುಷರ ತಂಡದ ಕೊನೆಯ ಡರ್ಬಿ. ಲಿವರ್‌ಪೂಲ್ 2, ಎವರ್ಟನ್ 1. 90 ನಿಮಿಷ ಮುಗಿದು ಮತ್ತೆ ಎಂಟು ನಿಮಿಷ ಆಗಿತ್ತು. ಚೆಂಡು ಯಾರ್ಯಾರಿಗೋ ಬಡಿದು ಬಾಕ್ಸ್ ಒಳಗೆ ಬಿತ್ತು. ನಮ್ಮ ಸೆಂಟರ್ ಬ್ಯಾಕ್, ಅಂದರೆ ಗೋಲು ತಡೆಯಬೇಕಾದ ಡಿಫೆಂಡರ್, ಟಾರ್ಕೋವ್ಸ್ಕಿ, ಆ ದಪ್ಪ ಮನುಷ್ಯ, ಜೀವಮಾನದಲ್ಲಿ ಇನ್ನೊಂದು ಸಲ ಹಾಗೆ ಹೊಡೀತಾನೋ ಇಲ್ವೋ, ಗಾಳಿಯಲ್ಲೇ ಎತ್ತಿ ಬಾರಿಸಿದ. 2-2. ನಾನು ಕೂಗಲಿಲ್ಲ. ಕೂಗೋ ಹಾಗಿರಲಿಲ್ಲ. ಆದರೆ ಕೈ ಬಡಿದು ಸ್ಟೀಲ್ ಡಬ್ಬಿಯೊಂದು ನೆಲಕ್ಕೆ ಬಿತ್ತು, ಮನೆಯವರೆಲ್ಲ ಎದ್ದರು, ಮುಂದಿನದ್ದು ಬರೆಯುವುದು ಬೇಡ.

ಆವತ್ತು ಬೆಂಚ್ ಪಕ್ಕದಲ್ಲಿ ನಿಂತಿದ್ದವರು ನಮ್ಮ ಮ್ಯಾನೇಜರ್ ಡೇವಿಡ್ ಮೋಯ್ಸ್. ಆವತ್ತಿಗೆ 12 ವರ್ಷದ ಹಿಂದೆ ನಾನು ಟಿವಿ ಮುಂದೆ ಕೂತು ಬಾಯಿಗೆ ಬಂದಂತೆ ಬೈದಿದ್ದ ಅದೇ ಮೋಯ್ಸ್.

ಎವರ್ಟನ್ ಅಂದ ಕೂಡಲೇ ನಮ್ಮ ಕಡೆ ಜನ "ಅದ್ಯಾವ ಟೀಮು ಗುರು?" ಅಂತಾರೆ. ಬೆಂಗಳೂರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್, ಲಿವರ್‌ಪೂಲ್ ಜರ್ಸಿ ಹಾಕಿದವರು ಬೀದಿಗೆ ಹತ್ತು ಜನ ಸಿಗುತ್ತಾರೆ. ನಮ್ಮವರು ಸಿಗಲ್ಲ. ನಾನು ಈ ತಂಡದ ಹುಚ್ಚಿಗೆ ಬಿದ್ದಿದ್ದು ಮೈಸೂರಿನ ಹಾಸ್ಟೆಲ್‌ನಲ್ಲಿ, 2004-05ರಲ್ಲಿ. ಆ ವರ್ಷ ನಮ್ಮ ಸ್ಟಾರ್ ಆಟಗಾರ ರೂನಿಯನ್ನು ಯುನೈಟೆಡ್‌ಗೆ ಮಾರಿ, ಇನ್ನು ಈ ಕ್ಲಬ್ ಮುಳುಗಿತು ಅಂತ ಎಲ್ಲರೂ ಅಂದುಕೊಂಡಿದ್ದಾಗ ಮೋಯ್ಸ್ ತಂಡವನ್ನು ಪ್ರೀಮಿಯರ್ ಲೀಗ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ತಂದಿದ್ದರು. ಟಿಮ್ ಕೇಹಿಲ್ ಅಂತ ಒಬ್ಬ, ಎತ್ತರ ಅಷ್ಟಕ್ಕಷ್ಟೇ, ಎಲ್ಲರಿಗಿಂತ ಮೇಲಕ್ಕೆ ಹಾರಿ ಹೆಡ್ ಮಾಡಿ, ಓಡಿ ಹೋಗಿ ಕಾರ್ನರ್ ಬಾವುಟಕ್ಕೆ ಬಾಕ್ಸಿಂಗ್ ಗುದ್ದು ಕೊಡುತ್ತಿದ್ದ. ಅವನನ್ನು ಮಿಲ್‌ವಾಲ್‌ನಿಂದ ತಂದಿದ್ದು ಸುಮಾರು 15 ಲಕ್ಷ ಪೌಂಡ್‌ಗೆ. ಶೇಮಸ್ ಕೋಲ್ಮನ್ ಐರ್ಲೆಂಡಿನ ಸ್ಲೈಗೋದಿಂದ ಬಂದಿದ್ದು 2009ರಲ್ಲಿ, ಬರೀ 60 ಸಾವಿರ ಪೌಂಡ್‌ಗೆ. ಸಂತೆಯಲ್ಲಿ ಕೊನೆಗೆ ಉಳಿದ ಸೊಪ್ಪನ್ನು ಚೌಕಾಸಿ ಮಾಡಿ ತಂದು ಹಬ್ಬದ ಅಡುಗೆ ಮಾಡುವ ಹೆಂಗಸರಿರುತ್ತಾರಲ್ಲ, ಆ ಜಾತಿಯ ಮ್ಯಾನೇಜರ್.

2002ರ ಮಾರ್ಚ್‌ನಲ್ಲಿ ಬಂದಾಗ ಎವರ್ಟನ್ ಜನರ ಕ್ಲಬ್ ಅಂದಿದ್ದರು. ಆ ಮಾತು ಅಲ್ಲಿನ ಗೋಡೆ ಮೇಲೆ ಬಂತು, ಎದೆ ಮೇಲೆ ಬಂತು. 2013ರಲ್ಲಿ ಅದೇ ಮನುಷ್ಯ ಯುನೈಟೆಡ್‌ಗೆ ಹೋದರು. ಹೋಗಿದ್ದಕ್ಕೆ ಬೇಜಾರಿಲ್ಲ, ಅಲ್ಲಿನ ದೊಡ್ಡ ಮ್ಯಾನೇಜರ್ ಫರ್ಗುಸನ್ ಕರೆದರೆ ಯಾರು ಬೇಡ ಅಂತಾರೆ? ಆದರೆ ಹೋದ ಬೇಸಿಗೆಯಲ್ಲೇ ನಮ್ಮ ಆಟಗಾರರಾದ ಬೇನ್ಸ್ ಮತ್ತು ಫೆಲೈನಿ ಇಬ್ಬರನ್ನೂ ಕಡಿಮೆ ದುಡ್ಡಿಗೆ ಎತ್ತಿಕೊಂಡು ಹೋಗಲು ನೋಡಿದರು. ಅದು ಉರಿಯಿತು. ಮುಂದಿನ ಏಪ್ರಿಲ್‌ನಲ್ಲಿ ಯುನೈಟೆಡ್ ಜೊತೆ ಗುಡಿಸನ್‌ಗೆ ಬಂದು 2-0 ಸೋತರು. ಅವರ ಬೆನ್ನ ಹಿಂದೆ ಒಬ್ಬ ಅಭಿಮಾನಿ ಕಪ್ಪು ನಿಲುವಂಗಿ ಹಾಕಿಕೊಂಡು, ಕುಡುಗೋಲು ಹಿಡಿದು, ಯಮಧರ್ಮನ ವೇಷದಲ್ಲಿ ಕೂತಿದ್ದ. ಎರಡು ದಿನದಲ್ಲಿ ಯುನೈಟೆಡ್ ಅವರನ್ನು ಕೆಲಸದಿಂದ ತೆಗೆಯಿತು. ನಾವು ನಕ್ಕೆವು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ನಗು ನಮ್ಮ ಕಡೆಗೇ ತಿರುಗಿತು. ಎಂಟು ಮ್ಯಾನೇಜರ್‌ಗಳು ಬಂದು ಹೋದರು. ಒಬ್ಬರು ತಂದ ಆಟಗಾರರು ಇನ್ನೊಬ್ಬರಿಗೆ ಬೇಡ. ದುಡ್ಡು ನೀರಿನ ಹಾಗೆ ಹೋಯಿತು. ಮೂರು ವರ್ಷಕ್ಕೆ 10.5 ಕೋಟಿ ಪೌಂಡ್‌ಗಿಂತ ಜಾಸ್ತಿ ನಷ್ಟ ಮಾಡಬಾರದು ಅನ್ನುವ ಆಗಿನ ಲೀಗ್ ನಿಯಮ ಮೀರಿ 2023-24ರಲ್ಲಿ ಮೊದಲು 10 ಅಂಕ ಕಳೆದುಕೊಂಡೆವು, ಮೇಲ್ಮನವಿಯಲ್ಲಿ ಅದು 6 ಆಯಿತು, ಅದೇ ವರ್ಷ ಇನ್ನೊಂದು ಕೇಸಿನಲ್ಲಿ ಮತ್ತೆ 2. ಆ ಕಡೆ ಮೋಯ್ಸ್ ವೆಸ್ಟ್ ಹ್ಯಾಮ್ ಸೇರಿ 2023ರಲ್ಲಿ ಯುರೋಪಿನ ಕಪ್ ಎತ್ತಿದರು. ನಮ್ಮಲ್ಲಿ 11 ವರ್ಷ ಇದ್ದು ಒಂದೂ ಕಪ್ ಗೆದ್ದಿರಲಿಲ್ಲ!

ಹೀಗಿರುವಾಗ 2025ರ ಜನವರಿ 9ಕ್ಕೆ, ಕಪ್ ಪಂದ್ಯಕ್ಕೆ ಇನ್ನು ಕೆಲವೇ ಗಂಟೆ ಇದೆ ಅನ್ನುವಾಗ, ಆಗಿನ ಮ್ಯಾನೇಜರ್ ಶಾನ್ ಡೈಚ್ ಅವರನ್ನು ಹೊಸ ಮಾಲೀಕರು ಕಳಿಸಿದರು. ಆ ರಾತ್ರಿ ತಂಡ ನೋಡಿಕೊಂಡಿದ್ದು ಬೇನ್ಸ್ ಮತ್ತು ಕೋಲ್ಮನ್. ಇಬ್ಬರೂ ಮೋಯ್ಸ್ ಕರೆತಂದ ಹುಡುಗರೇ. ಎರಡು ದಿನ ಬಿಟ್ಟು ಮೋಯ್ಸ್ ಬಂದರು.

ನಮ್ಮದೊಂದು ವಾಟ್ಸಾಪ್ ಗುಂಪಿದೆ. ಏಳೇ ಜನ. ಅದರಲ್ಲಿ ಒಬ್ಬ ದಾವಣಗೆರೆಯವನು, ಒಬ್ಬ ಮಂಗಳೂರಿನವನು, ಇನ್ನೊಬ್ಬ ನನ್ನ ಹಾಸ್ಟೆಲ್ ರೂಮ್‌ಮೇಟ್, ಈಗ ಇಂಗ್ಲೆಂಡಿನಲ್ಲೇ ಇದ್ದಾನೆ, ಆಗಾಗ ಪಂದ್ಯಕ್ಕೆ ಹೋಗುತ್ತಾನೆ, ಅದಕ್ಕೇ ಗುಂಪಿನಲ್ಲಿ ಅವನ ಮಾತಿಗೆ ತೂಕ ಜಾಸ್ತಿ. ಸುದ್ದಿ ಬಂದ ಕೂಡಲೇ ದಾವಣಗೆರೆಯವನು ಹಾಕಿದ ಮೆಸೇಜ್: "ಊರೆಲ್ಲಾ ಸುತ್ತಿ ಕೊನೆಗೆ ಹಳೇ ಗಂಡನ ಪಾದವೇ ಗತಿ." ಇಲ್ಲಿ ಗಂಡ ಯಾರು, ಊರು ಸುತ್ತಿದವರು ಯಾರು ಅಂತ ಎರಡು ದಿನ ಜಗಳ ನಡೀತು. ಮಂಗಳೂರಿನವನಿಗೆ ಮಾತ್ರ ಒಂಚೂರೂ ಇಷ್ಟ ಇರಲಿಲ್ಲ. "ಮಾರಾಯ, ಇದು ಹಿಂದಕ್ಕೆ ಹೋಗುವುದು. ಆ ಮನುಷ್ಯ ಬಂದರೆ ಬಸ್ ತಂದು ಗೋಲಿನ ಮುಂದೆ ನಿಲ್ಲಿಸಿದ ಹಾಗೆ ಬರೀ ಡಿಫೆನ್ಸ್ ಆಡಿಸ್ತಾನೆ ಅಷ್ಟೇ" ಅಂದ.

ಮೊದಲ ಪಂದ್ಯ ಸೋತೆವು. ಅದಾದ ಮೇಲೆ ಲೀಗ್‌ನಲ್ಲಿ ಒಂಬತ್ತು ಪಂದ್ಯ ಸೋಲಲಿಲ್ಲ. ಒಬ್ಬನೇ ಒಬ್ಬ ಹೊಸ ಸ್ಟ್ರೈಕರ್ ಇಲ್ಲದೆ! ಮೊದಲೇ ಇದ್ದ, ಯಾರೂ ನಂಬದ ಸ್ಟ್ರೈಕರ್ ಬೇಟೋ ಗೋಲು ಹೊಡೆಯಲು ಶುರು ಮಾಡಿದ. ಲಿಯೋನ್‌ನಿಂದ ತಂದು ಆರು ತಿಂಗಳು ಹೆಚ್ಚುಕಡಿಮೆ ಮೂಲೆಗೆ ಕೂರಿಸಿದ್ದ ಜೇಕ್ ಒಬ್ರಿಯನ್‌ಗೆ ಚಾನ್ಸ್ ಸಿಕ್ಕಿತು. ಕೆಳಗಿನ ಲೀಗ್‌ಗೆ ಜಾರುವ ಸ್ಥಾನಗಳಿಂದ ಒಂದೇ ಅಂಕ ದೂರ ಇದ್ದ ತಂಡ 48 ಅಂಕ ಮಾಡಿ 13ನೇ ಸ್ಥಾನದಲ್ಲಿ ನಿಂತಿತು. ಮೇ 18ಕ್ಕೆ, 1892ರಿಂದ ಆಡಿದ ಗುಡಿಸನ್‌ನಲ್ಲಿ ಪುರುಷರ ತಂಡದ ಕೊನೆಯ ಪಂದ್ಯ, ಸೌತಾಂಪ್ಟನ್ ಮೇಲೆ 2-0. ರೂಮ್‌ಮೇಟ್ ವಿಡಿಯೋ ಕಾಲ್ ಮಾಡಿದ. ಏನೂ ಕೇಳಿಸುತ್ತಿರಲಿಲ್ಲ, ಬರೀ ಗದ್ದಲ. ಅವನು ಅಳುತ್ತಿದ್ದನೋ ಕೂಗುತ್ತಿದ್ದನೋ ಇವತ್ತಿಗೂ ಹೇಳಿಲ್ಲ.

ನಿಜವಾದ ಕೆಲಸ ಶುರುವಾಗಿದ್ದು ಬೇಸಿಗೆಯಲ್ಲಿ. ಕಾಂಟ್ರಾಕ್ಟ್ ಮುಗಿದವರು, ಬೇರೆ ಕ್ಲಬ್‌ಗಳಿಂದ ಸಾಲಕ್ಕೆ ಬಂದು ವಾಪಸ್ ಹೋದವರು ಎಲ್ಲ ಸೇರಿ ಹತ್ತು ಜನ ಒಟ್ಟಿಗೇ ಖಾಲಿ. ಕ್ಯಾಲ್ವರ್ಟ್-ಲೂವಿನ್ ಹೋದ, ಡೂಕೂರೆ ಹೋದ, ಆಶ್ಲೀ ಯಂಗ್ ಹೋದ. ಮನೆ ಬದಲಿಸುವಾಗ ಹಳೇ ಸಾಮಾನು ಗುಜರಿಗೆ ಹಾಕಿ ಹೊಸ ಮನೆಗೆ ಬಂದರೆ ಕೂರಲು ಕುರ್ಚಿಯೇ ಇಲ್ಲ ಅನ್ನೋ ಹಾಗೆ. ಹೊಸ ಮನೆ ಮಾತ್ರ ಭರ್ಜರಿ, ಮರ್ಸಿ ನದಿ ದಂಡೆಯಲ್ಲಿ, 52 ಸಾವಿರಕ್ಕೂ ಹೆಚ್ಚು ಸೀಟು. ಜುಲೈ ಕೊನೆಗೆ ಅಮೆರಿಕದಲ್ಲಿ ಬೋರ್ನ್‌ಮತ್ ಮೇಲೆ 3-0 ಸೋತಾಗ ನಮ್ಮ ಗುಂಪಿನಲ್ಲಿ ಎಲ್ಲರ ತಲೆ ಕೆಟ್ಟಿತ್ತು. ಮೋಯ್ಸ್ ಕೂಡ ಆಟಗಾರರು ಬೇಕು ಅಂತ ಎಲ್ಲರ ಎದುರೇ ಹೇಳಿದರು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಚೆಲ್ಸಿಯಿಂದ ಡ್ಯೂಸ್‌ಬರಿ-ಹಾಲ್. ಸ್ಪೇನಿನ ವಿಯ್ಯಾರಿಯಾಲ್‌ನಿಂದ ಸ್ಟ್ರೈಕರ್ ಬ್ಯಾರಿ ಜುಲೈ ಶುರುವಿಗೇ ಬಂದಿದ್ದ, ಸುಮಾರು 2.7 ಕೋಟಿ ಪೌಂಡ್. ಸೌತಾಂಪ್ಟನ್‌ನಿಂದ 19ರ ಹುಡುಗ ಡಿಬ್ಲಿಂಗ್, ಅವನಿಗೆ ಇನ್ನೂ ಜಾಸ್ತಿ. ಜರ್ಮನಿಯ ಬೇಯರ್ನ್‌ನಿಂದ ಡಿಫೆಂಡರ್ ಆಜ್ನೂ. ಮತ್ತೆ ಮ್ಯಾಂಚೆಸ್ಟರ್ ಸಿಟಿಯಿಂದ ಸಾಲಕ್ಕೆ ಜ್ಯಾಕ್ ಗ್ರೀಲಿಷ್! 2021ರಲ್ಲಿ 10 ಕೋಟಿ ಪೌಂಡ್ ಬೆಲೆ ಬಾಳಿದವನು ನಮ್ಮಲ್ಲಿಗೆ ಬರುತ್ತಾನೆ ಅಂದಾಗ ಮಂಗಳೂರಿನವನು ಕೂಡ ಒಂದು ದಿನ ಬೈಯುವುದನ್ನು ನಿಲ್ಲಿಸಿದ.

ಆಗಸ್ಟ್ 24ರ ಭಾನುವಾರ ಹೊಸ ಸ್ಟೇಡಿಯಂನಲ್ಲಿ ಲೀಗ್‌ನ ಮೊದಲ ಪಂದ್ಯ, ಬ್ರೈಟನ್ ಮೇಲೆ. ನಮ್ಮಲ್ಲಿ ಸಂಜೆ ಆರೂವರೆ. ಎರಡು ದಿನ ಬಿಟ್ಟರೆ ಗೌರಿ ಹಬ್ಬ, ನಾನು ಸ್ಟೂಲ್ ಮೇಲೆ ಹತ್ತಿ ಫ್ಯಾನ್ ಒರೆಸುತ್ತಾ ನೋಡುತ್ತಿದ್ದೆ. ಗ್ರೀಲಿಷ್ ಎಡಗಡೆ ಚೆಂಡು ಹಿಡಿದು ಸುಮ್ಮನೆ ನಿಂತ. ನಿಂತೇ ಇದ್ದ. ಎದುರಿನ ಡಿಫೆಂಡರ್ ಮುಂದೆ ಬರಲೋ ಹಿಂದೆ ಹೋಗಲೋ ಅಂತ ಒದ್ದಾಡುತ್ತಿದ್ದಾನೆ. ಅಷ್ಟರಲ್ಲಿ ಚೆಂಡು ಗೋಲಿನ ಮುಂದೆ ಹಾಯಿತು, ಆ ಕಡೆಯಿಂದ ಬಂದ ಇಲಿಮಾನ್ ಎನ್‌ಡಿಯಾಯೆ ತಳ್ಳಿದ. ಗುಡಿಸನ್‌ನಲ್ಲಿ ಪುರುಷರ ತಂಡದ ಕೊನೆಯ ಗೋಲೂ ಅವನದ್ದೇ, ಇಲ್ಲಿನ ಮೊದಲ ಲೀಗ್ ಗೋಲೂ ಅವನದ್ದೇ. ಆಮೇಲೆ ಗಾರ್ನರ್ ಒಂದು ಹೊಡೆದ, ನಮ್ಮ ಗೋಲಿ ಪಿಕ್‌ಫರ್ಡ್ ಪೆನಾಲ್ಟಿ ತಡೆದ. 2-0. ಫ್ಯಾನಿನ ಒಂದು ರೆಕ್ಕೆ ಒರೆಸಿದ್ದು ಇನ್ನೆರಡು ಹಾಗೇ ಉಳಿಯಿತು.

2025ರ ಡಿಸೆಂಬರ್ ಬಂತು. ಆಗ ನಮ್ಮ ಗುಂಪಿನಲ್ಲಿ ಎರಡು ಪಕ್ಷ. ಒಂದು ಪಕ್ಷದ ವಾದ ಹೀಗೆ: ಇಷ್ಟು ದುಡ್ಡು ಕೊಟ್ಟು ಡಿಬ್ಲಿಂಗ್ ತಂದು ಬೆಂಚ್ ಬಿಸಿ ಮಾಡಿಸುವುದು ಯಾಕೆ? ಆಜ್ನೂ ಮುಖ ಹೇಗಿದೆ ಅಂತಲೇ ಮರೆತು ಹೋಗಿದೆ. ರೈಟ್ ಬ್ಯಾಕ್ ಯಾಕೆ ತರಲಿಲ್ಲ? ಒಬ್ರಿಯನ್ ತೆಂಗಿನಮರದ ಹಾಗಿರುವ ಸೆಂಟರ್ ಬ್ಯಾಕ್, ಅವನನ್ನು ಪಕ್ಕದಲ್ಲಿ ಓಡಿಸುತ್ತಿದ್ದಾರೆ. ಅಳಿದೂರಿಗೆ ಉಳಿದವನೇ ಗೌಡ ಅಂತಾಗಿದೆ. ಸೆಪ್ಟೆಂಬರ್‌ನಲ್ಲಿ ಲೀಗ್ ಕಪ್‌ನಲ್ಲಿ ತಂಡ ಬದಲಿಸಿ ಕಣಕ್ಕಿಳಿಸಿದರೆ, ಲೀಗ್‌ನಲ್ಲಿ ಆವರೆಗೆ ಒಂದೂ ಪಂದ್ಯ ಗೆಲ್ಲದ ವುಲ್ವ್ಸ್ ಕೈಯಲ್ಲಿ 2-0 ಸೋತೆವು. ಅಂದರೆ ಹನ್ನೊಂದು ಜನ ಇದ್ದಾರೆ, ಹನ್ನೆರಡನೆಯವನು ಇಲ್ಲ.

ಇದೆಲ್ಲ ನಿಜ. ನಾನು ಒಪ್ಪುತ್ತೇನೆ. ಆದರೂ ನಾನು ಇನ್ನೊಂದು ಪಕ್ಷದವನು.

ನನ್ನ ಲೆಕ್ಕ ಏನೆಂದರೆ, ಮೋಯ್ಸ್ ಮೊದಲು ಕಟ್ಟಿದ್ದು ತಂಡ ಅಲ್ಲ, ತಳಪಾಯ. ಬೇಸಿಗೆಯಲ್ಲಿ ಎಲ್ಲರೂ ಹೊಸಬರ ಹೆಸರು ಕೇಳುತ್ತಿದ್ದಾಗ ಅವರು ಗಾನಾ ಗೇ, ಮೈಕಲ್ ಕೀನ್, ಕೋಲ್ಮನ್ ಮೂವರನ್ನೂ ಇನ್ನೊಂದು ವರ್ಷ ಉಳಿಸಿಕೊಂಡರು. ಆ ಡಿಸೆಂಬರ್ ಹೊತ್ತಿಗೆ ಗೇಗೆ 36, ಕೋಲ್ಮನ್‌ಗೆ 37. ಕೀನ್ ಹೆಸರು ಕೇಳಿ ನಾನೇ ತಲೆ ಚಚ್ಚಿಕೊಂಡಿದ್ದೆ. ಸೆಂಟರ್ ಬ್ಯಾಕ್ ಬ್ರಾಂತ್‌ವೇಟ್ ಗಾಯವಾಗಿ ಕೂತ ಮೇಲೆ ಆ ಕೀನೇ ದಿನಾ ಹಿಂದೆ ನಿಂತು ಕಾಯುತ್ತಿದ್ದ. ಎಂಟು ಮ್ಯಾನೇಜರ್‌ಗಳ ಕಾಲದಲ್ಲಿ ಬಂದ ಪ್ರತಿಯೊಬ್ಬರೂ ಹಿಂದಿನವರ ಗೋಡೆ ಒಡೆದು ತಮ್ಮ ಗೋಡೆ ಎಬ್ಬಿಸಲು ಹೋದರು. ಇವರು ಒಡೆಯಲಿಲ್ಲ. ಬಿರುಕು ಬಿಟ್ಟ ಕಡೆ ಸಿಮೆಂಟ್ ಹಾಕಿದರು. ನೋಡಲು ಚೆಂದ ಇಲ್ಲ, ಗೊತ್ತು.

ನವೆಂಬರ್ 24, ಸೋಮವಾರ ರಾತ್ರಿ ಯುನೈಟೆಡ್ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಆಟ. ನಮ್ಮಲ್ಲಿ ಮಂಗಳವಾರ ಒಂದೂವರೆ ಗಂಟೆ. ಹತ್ತು ನಿಮಿಷಕ್ಕೇ ಕೋಲ್ಮನ್ ಗಾಯವಾಗಿ ಹೊರಗೆ. ಹದಿಮೂರನೇ ನಿಮಿಷಕ್ಕೆ ಗೇ ಮತ್ತು ಕೀನ್ ನಡುವೆ ಮಾತಿಗೆ ಮಾತು ಬೆಳೆದು, ಗೇ ತನ್ನ ತಂಡದವನಿಗೇ ಕೆನ್ನೆಗೆ ಬಾರಿಸಿದ. ಕೆಂಪು ಕಾರ್ಡ್. ನಾನು ಮೇಲೆ ಹೊಗಳಿದ ಮೂವರೇ ಇವರು, ನೋಡಿ! ಮಂಗಳೂರಿನವನು ಒಂದೇ ಪದ ಹಾಕಿದ: "ತಳಪಾಯ." ನಾನು ಫೋನ್ ತಿರುಗಿಸಿಟ್ಟು ಮಲಗೋಣ ಅಂದುಕೊಂಡೆ. ಆದರೆ ಹತ್ತು ಜನ ಆಡುತ್ತಲೇ ಹೋದರು. ಡ್ಯೂಸ್‌ಬರಿ-ಹಾಲ್ ಇಬ್ಬರನ್ನು ತಪ್ಪಿಸಿಕೊಂಡು ದೂರದಿಂದ ಹೊಡೆದ, ಪಿಕ್‌ಫರ್ಡ್ ಹಾರಿ ಹಾರಿ ತಡೆದ, ಕೆನ್ನೆಗೆ ಏಟು ತಿಂದ ಕೀನ್ ಬಂದ ಚೆಂಡನ್ನೆಲ್ಲ ತಲೆಯಲ್ಲಿ ಹೊಡೆದು ಆಚೆ ಹಾಕಿದ. 1-0 ಗೆದ್ದೆವು. ಮೊದಲ ಸಲದ 11 ವರ್ಷದಲ್ಲಿ ಮೋಯ್ಸ್ ಎವರ್ಟನ್ ಜೊತೆ ಆ ಮೈದಾನದಲ್ಲಿ ಲೀಗ್ ಪಂದ್ಯ ಒಂದನ್ನೂ ಗೆದ್ದಿರಲಿಲ್ಲ.

ಅದಾಗಿ ಐದೇ ದಿನಕ್ಕೆ ಮನೆಯಲ್ಲೇ ನ್ಯೂಕ್ಯಾಸಲ್ ಕೈಯಲ್ಲಿ 4-1 ಒದೆ ತಿಂದೆವು. ಎವರ್ಟನ್ ಅಂದ್ರೆ ಇಷ್ಟೇ. ಜಾಸ್ತಿ ಖುಷಿ ಪಡಲು ಬಿಡಲ್ಲ.

ಡಿಸೆಂಬರ್ 6ರ ಶನಿವಾರ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೇಲೆ 3-0. ಬ್ಯಾರಿ ಆಗಸ್ಟ್‌ನಿಂದ ಒಂದೂ ಗೋಲು ಹೊಡೆದಿರಲಿಲ್ಲ, ಆವತ್ತು ಹೊಡೆದ. ಅವನ ಮುಖದಲ್ಲಿ ಖುಷಿಗಿಂತ ಜಾಸ್ತಿ, ಬಾಡಿಗೆ ಬಾಕಿ ಕಟ್ಟಿ ಮುಗಿಸಿದವನ ನಿರಾಳ ಇತ್ತು. ಎದುರಿನ ಬೆಂಚಿನಲ್ಲಿ ಯಾರು ಗೊತ್ತಾ? ಜನವರಿಯಲ್ಲಿ ನಾವು ಕಳಿಸಿದ ಡೈಚ್.

ಅದರ ಮುಂದಿನ ಶನಿವಾರ ಚೆಲ್ಸಿ ಮನೆಯಲ್ಲಿ ಆಟ ಇತ್ತು, ನಮ್ಮಲ್ಲಿ ರಾತ್ರಿ ಎಂಟೂವರೆಗೆ. 1994ರ ನಂತರ ಅಲ್ಲಿ ಲೀಗ್‌ನಲ್ಲಿ ನಾವು ಆವರೆಗೆ ಗೆದ್ದೇ ಇರಲಿಲ್ಲ. ಡಿಬ್ಲಿಂಗ್‌ನನ್ನು ಮೊದಲಿಂದ ಆಡಿಸಬೇಕು ಅಂತ ಗುಂಪಿನಲ್ಲಿ ವೋಟಿಂಗ್ ಹಾಕಿದ್ದರು, ಐದು-ಎರಡು. ಆ ಎರಡರಲ್ಲಿ ಒಂದು ನನ್ನದು, ಇನ್ನೊಂದು ಮಂಗಳೂರಿನವನದ್ದು. ಯಾಕಪ್ಪಾ ಅಂತ ಕೇಳಿದ್ದಕ್ಕೆ "ಸುಮ್ನೆ ಇರು ಮಾರಾಯ" ಅಂದ. ಸ್ಟೀಲ್ ಡಬ್ಬಿಗಳನ್ನೆಲ್ಲ ಮೇಲಿನ ಶೆಲ್ಫಿಗೆ ಎತ್ತಿಡಲಾಗಿತ್ತು.